ಮೊದಲ ಸಲ ಲೆಮಾನ್ ಸರೋವರಕ್ಕೆ ಹೊರಡುವ ಬೆಳೆಗಾರರಿಗೆ

ಕಾಫಿ ಬೆಳೆಗಾರನಿಗಾಗಲಿ ಅಡಿಕೆ ಬೆಳೆಗಾರನಿಗಾಗಲಿ ರಜೆ ಎಂಬುದನ್ನು ಯಾವ ಪಂಚಾಂಗದಲ್ಲೂ ಬರೆದಿಲ್ಲ. ಕೊಯ್ಲು ಮುಗಿಯಿತೆಂದರೆ ಹೂಮಳೆಯ ಚಿಂತೆ, ಹೂಮಳೆ ಬಿತ್ತೆಂದರೆ ಗೊಬ್ಬರದ ಚಿಂತೆ, ಅದು ಮುಗಿಯುವಷ್ಟರಲ್ಲಿ ಔಷಧಿ ಹೊಡೆಯುವ ಕೊನೆಗಾರರನ್ನು ಹುಡುಕಿಕೊಂಡು ಮನೆಮನೆ ಅಲೆಯುವ ಕಾಲ ಬಂದಿರುತ್ತದೆ. ಆದರೂ 2024-25ರಲ್ಲಿ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದ ಮೇಲೆ, ಸಾಲ ತೀರಿಸಿ, ಸತ್ತ ಗಿಡದ ಜಾಗಕ್ಕೆ ಹೊಸ ಗಿಡ ಹಾಕಿಸಿ, ಇನ್ನೂ ನಾಲ್ಕು ಕಾಸು ಕೈಯಲ್ಲಿ ಉಳಿಸಿಕೊಂಡವರಲ್ಲಿ ಒಂದು ಆಸೆ ಮೂಡಿರುವುದನ್ನು ನಾವು ಕಾಣುತ್ತಿದ್ದೇವೆ. ಗಂಡ ಹೆಂಡತಿ ಇಬ್ಬರೂ ಗಟ್ಟಿಯಾಗಿರುವಾಗಲೇ ಒಂದು ಸಲ ಯುರೋಪನ್ನು, ಅದರಲ್ಲೂ ಸ್ವಿಟ್ಜರ್ಲೆಂಡಿನ ಸರೋವರಗಳನ್ನು ನೋಡಿ ಬರಬೇಕು ಎಂಬುದೇ ಆ ಆಸೆ.

ಆಸೆ ತಪ್ಪಲ್ಲ. ಆದರೆ ನಮ್ಮಂಥ ಸಣ್ಣ ಬೆಳೆಗಾರರಿಗೆ ಮೊದಲ ಪ್ರಯಾಣವೇ ಬಹುಶಃ ಕೊನೆಯದೂ ಹೌದು. ಒಂದು ವರ್ಷದ ಬೆಳೆಯ ದೊಡ್ಡ ಪಾಲು ಅದಕ್ಕೆ ಖರ್ಚಾಗುತ್ತದೆ. ಆದುದರಿಂದ ಹತ್ತು ಹನ್ನೆರಡು ದಿನಗಳಲ್ಲಿ ಏಳೆಂಟು ದೇಶ ತೋರಿಸುತ್ತೇವೆನ್ನುವ ಬಸ್ ಪ್ರವಾಸಕ್ಕೆ ಹಣ ಕಟ್ಟುವ ಮುನ್ನ ಸ್ವಲ್ಪ ಯೋಚಿಸಿರೆಂದು ನಾವು ಹೇಳುತ್ತೇವೆ. ದಿನಕ್ಕೊಂದು ಹೋಟೆಲಿನಲ್ಲಿ ಪೆಟ್ಟಿಗೆ ಬಿಚ್ಚಿ ಕಟ್ಟುವುದರಲ್ಲೇ ಕಾಲ ಕಳೆಯುತ್ತದೆ. ಒಂದೇ ಸರೋವರ, ಒಂದೇ ಊರು, ಏಳು ರಾತ್ರಿ: ಇದು ನಮ್ಮ ಸಲಹೆ. ಆ ಸರೋವರ ಲೆಮಾನ್.

ಲೆಮಾನೇ ಏಕೆ?

ಇಂಗ್ಲಿಷ್ ನಕ್ಷೆಗಳಲ್ಲಿ ಇದಕ್ಕೆ ಜಿನೀವಾ ಸರೋವರವೆಂಬ ಹೆಸರಿದೆ. ದಡದಲ್ಲಿರುವ ಫ್ರೆಂಚ್ ಭಾಷೆಯ ಜನ ಅದನ್ನು ಲೆಮಾನ್ ಎಂದೇ ಕರೆಯುತ್ತಾರೆ. ಬಿದಿಗೆಯ ಚಂದ್ರನಂತೆ ಬಾಗಿದ ಈ ನೀರಿನ ಉದ್ದ ಸುಮಾರು 73 ಕಿಲೋಮೀಟರ್, ಹರವು ಸುಮಾರು 580 ಚದರ ಕಿಲೋಮೀಟರ್, ಅತಿ ಹೆಚ್ಚಿನ ಆಳ 310 ಮೀಟರ್. ಪೂರ್ವದ ತುದಿಯಲ್ಲಿ ರೋನ್ ನದಿ ಒಳಬರುತ್ತದೆ, ಪಶ್ಚಿಮದ ತುದಿಯ ಜಿನೀವಾ ನಗರದಲ್ಲಿ ಹೊರಬೀಳುತ್ತದೆ. ಉತ್ತರದ ದಡ ಸ್ವಿಟ್ಜರ್ಲೆಂಡಿನದು, ದಕ್ಷಿಣದ ದಡದ ಬಹುಭಾಗ ಫ್ರಾನ್ಸಿನದು. ಆಚೆ ಆಲ್ಪ್ಸ್ ಪರ್ವತಗಳು.

ಇಂಥ ಸೊಬಗಿನ ಸರೋವರಗಳು ಯುರೋಪಿನಲ್ಲಿ ಬೇಕಾದಷ್ಟಿವೆ. ಇದನ್ನೇ ನಾವು ಆರಿಸಲು ಕಾರಣ ಬೇರೆ. ಇಲ್ಲಿಯ ನೋಟವನ್ನು ಮಾಡಿದವರು ಬೆಳೆಗಾರರು. ಲೊಜಾನ್ ಪಟ್ಟಣದ ಅಂಚಿನಿಂದ ಶಿಯೋಂ ಕೋಟೆಯವರೆಗೆ ಸುಮಾರು 30 ಕಿಲೋಮೀಟರ್ ದಡದ ಮೇಲೆ ಲಾವೊ ಎಂಬ ದ್ರಾಕ್ಷಿ ಸೀಮೆ ಇದೆ. ಕಡಿದಾದ ಇಳಿಜಾರಿಗೆ ಕಲ್ಲು ಕಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ಮಾಡಿದ ತೋಟಗಳು. ಈಗಿನ ಕಟ್ಟೆಗಳ ಮೂಲ ಹನ್ನೊಂದು, ಹನ್ನೆರಡನೆಯ ಶತಮಾನದ ಕ್ರೈಸ್ತ ಮಠಗಳ ಕಾಲಕ್ಕೆ ಹೋಗುತ್ತದೆ. 2007ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮಗೂ ಆ ಕಡೆಯ ದ್ರಾಕ್ಷಿ ಬೆಳೆಗಾರರಿಗೂ ಹಳೆಯದೊಂದು ನಂಟೂ ಉಂಟು. ಮಳೆಗಾಲ ಬಂತೆಂದರೆ ನಾವು ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಹುಟ್ಟಿದ್ದು ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟದಲ್ಲಿ. ಮೈಲುತುತ್ತ ಸುಣ್ಣದ ಆ ಮಿಶ್ರಣವನ್ನು 1885ರಲ್ಲಿ ಮಿಲ್ಲಾರ್ಡೆ ಎಂಬ ಸಸ್ಯವಿಜ್ಞಾನಿ ಬಳ್ಳಿಯ ಬೂಜುರೋಗಕ್ಕೆ ಮದ್ದೆಂದು ಪ್ರಕಟಿಸಿದ. ಅದನ್ನು ನಮ್ಮ ಅಡಿಕೆ ತೋಟಕ್ಕೆ ತಂದುಕೊಟ್ಟವರಲ್ಲಿ ಮೈಸೂರು ಸಂಸ್ಥಾನದ ಡಾಕ್ಟರ್ ಲೆಸ್ಲಿ ಕೋಲ್ಮನ್ ಮುಖ್ಯರು. ಲೆಮಾನ್ ದಡದಲ್ಲಿ ನೀಲಿ ಹಿಡಿದ ಎಲೆ ಕಂಡರೆ ಅದೇನೆಂದು ನಿಮಗೆ ಯಾರೂ ವಿವರಿಸಬೇಕಾಗಿಲ್ಲ.

ಕಾಫಿಯವರಿಗೆ ಇನ್ನೊಂದು ನಂಟು. ದಡದ ವೆವೆ ಎಂಬ ಪಟ್ಟಣ ನೆಸ್ಲೆ ಕಂಪನಿಯ ಕೇಂದ್ರ. 1929ರ ಕುಸಿತದ ನಂತರ ಬ್ರೆಜಿಲ್‌ನಲ್ಲಿ ಮಾರಾಟವಾಗದ ಕಾಫಿ ರಾಶಿಬಿದ್ದಾಗ, ಅದನ್ನು ನೀರಿಗೆ ಹಾಕಿದೊಡನೆ ಕರಗುವ ಪುಡಿಯಾಗಿ ಮಾಡಲಾದೀತೇ ಎಂಬ ಕೇಳಿಕೆ ಆ ಕಂಪನಿಗೆ ಬಂತು. ವರ್ಷಗಟ್ಟಲೆ ನಡೆದ ಪ್ರಯೋಗದ ಫಲವಾಗಿ 1938ರಲ್ಲಿ ನೆಸ್‌ಕೆಫೆ ಮಾರುಕಟ್ಟೆಗೆ ಬಂತು. ಅದೇ ಪುಡಿ ತಯಾರಿಸುವ ಕಾರ್ಖಾನೆ 1989ರಿಂದ ನಮ್ಮ ನಂಜನಗೂಡಿನಲ್ಲಿದೆ.

ಯಾವಾಗ ಹೊರಡಬೇಕು?

ಪ್ರವಾಸದ ಪುಸ್ತಕಗಳು ಜೂನ್, ಜುಲೈ ಒಳ್ಳೆಯದೆನ್ನುತ್ತವೆ. ಅವನ್ನು ಬರೆದವರಿಗೆ ಅಡಿಕೆ ತೋಟವಿಲ್ಲ. ಆ ಎರಡು ತಿಂಗಳು ನಾವು ಮನೆ ಬಿಡುವಂತಿಲ್ಲ. ನವೆಂಬರಿನಿಂದ ಮಾರ್ಚಿಯವರೆಗೆ ಅರೇಬಿಕಾ, ರೋಬಸ್ಟಾ, ಅಡಿಕೆ ಸುಲಿತ ಒಂದರ ಬೆನ್ನಿಗೊಂದು ಬರುತ್ತವೆ. ಉಳಿಯುವುದು ಎರಡೇ ಸಂದು.

ಮೊದಲನೆಯದು ಏಪ್ರಿಲ್ ನಡುವಿನಿಂದ ಮೇ ನಡುವಿನವರೆಗೆ. ಮಕ್ಕಳಿಗೆ ರಜೆ ಇರುತ್ತದೆ, ಬೆಟ್ಟದ ತುದಿಯಲ್ಲಿ ಹಿಮವಿರುತ್ತದೆ. ಆದರೆ ದ್ರಾಕ್ಷಿ ಬಳ್ಳಿ ಆಗತಾನೇ ಚಿಗುರುತ್ತಿರುತ್ತದೆ. ಹೂಮಳೆ ತಡವಾದ ವರ್ಷ ನಿಮ್ಮ ಮನಸ್ಸು ತೋಟದಲ್ಲೇ ಇರುತ್ತದೆ.

ಎರಡನೆಯದು ಸೆಪ್ಟೆಂಬರ್. ಚೌತಿ ಮುಗಿಸಿ ಹೊರಟು ನವರಾತ್ರಿಗೆ ಮನೆ ಸೇರುವುದು. ನಮ್ಮ ಮತ ಇದಕ್ಕೇ. ಸರೋವರದ ದಡದಲ್ಲಿ ಆಗ ಹಗಲಿನ ಬಿಸಿ 20 ಡಿಗ್ರಿಯ ಆಸುಪಾಸು, ಹಡಗುಗಳು ಇನ್ನೂ ಬೇಸಿಗೆಯ ವೇಳಾಪಟ್ಟಿಯಂತೆ ಓಡುತ್ತಿರುತ್ತವೆ, ದ್ರಾಕ್ಷಿ ಹಣ್ಣಾಗಿರುತ್ತದೆ. ತಿಂಗಳ ಕೊನೆಗೆ ಹೋದರೆ ಕೊಯ್ಲನ್ನೇ ಕಾಣಬಹುದು. ಪಕ್ಷದಲ್ಲಿ ಮನೆಯ ತಿಥಿ ಇರುವವರು ದಿನ ನೋಡಿಕೊಳ್ಳಲಿ. ಅಡಿಕೆಯವರು ಕೊನೆಯ ಸಿಂಪಡಣೆ ಮುಗಿಸಿಯೇ ಹೊರಡಲಿ. ಮಳೆ ಹಿಡಿದು ಕುಳಿತ ವರ್ಷ ಇನ್ನೊಂದು ಸಿಂಪಡಣೆ ಬೇಕಾದೀತು. ಅದಕ್ಕೆ ಮೈಲುತುತ್ತ, ಸುಣ್ಣ, ಆಳು, ಹಣ ಎಲ್ಲವನ್ನೂ ಹೊಂದಿಸಿ ನಂಬಿಕೆಯವರಿಗೆ ಒಪ್ಪಿಸಿ ಹೋಗಬೇಕು.

ಕಾಗದ ಪತ್ರಗಳು

ಸೆಪ್ಟೆಂಬರಿನಲ್ಲಿ ಹೊರಡುವವರು ಪಾಸ್‌ಪೋರ್ಟನ್ನು ಸಂಕ್ರಾಂತಿಯ ಹೊತ್ತಿಗೇ ತೆಗೆದು ನೋಡಿಕೊಳ್ಳುವುದು ಒಳ್ಳೆಯದು. ಅದು ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಆ ಪ್ರದೇಶ ಬಿಟ್ಟ ಮೇಲೂ ಮೂರು ತಿಂಗಳ ಅವಧಿ ಉಳಿದಿರಬೇಕು, ಎರಡು ಖಾಲಿ ಪುಟಗಳಿರಬೇಕು. ಸ್ವಿಟ್ಜರ್ಲೆಂಡ್ 2008ರಿಂದ ಷೆಂಗೆನ್ ಒಕ್ಕೂಟದಲ್ಲಿರುವುದರಿಂದ ಒಂದೇ ವೀಸಾದಲ್ಲಿ ಆಚೆ ದಡದ ಫ್ರಾನ್ಸಿಗೂ ಹೋಗಬಹುದು. ಹೆಚ್ಚು ರಾತ್ರಿ ತಂಗುವ ದೇಶಕ್ಕೆ ಅರ್ಜಿ ಸಲ್ಲಿಸಬೇಕು. ಹೊರಡುವ ದಿನಕ್ಕೆ ಆರು ತಿಂಗಳ ಮುಂಚೆ ಅರ್ಜಿ ತೆಗೆದುಕೊಳ್ಳುತ್ತಾರೆ. 15 ದಿನಕ್ಕಿಂತ ತಡ ಮಾಡುವಂತಿಲ್ಲ. ಜೂನ್ ತಿಂಗಳಲ್ಲೇ ಕೊಟ್ಟುಬಿಟ್ಟರೆ ನಿಶ್ಚಿಂತೆ. 2024ರ ಜೂನಿನಿಂದ ದೊಡ್ಡವರಿಗೆ ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಕಡ್ಡಾಯ.

ಬೆಳೆಗಾರರಿಗೆ ತೊಡಕಾಗುವುದು ಆದಾಯದ ದಾಖಲೆ. ನಮಗೆ ಸಂಬಳದ ಚೀಟಿ ಇಲ್ಲ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವಾದ್ದರಿಂದ ಎಷ್ಟೋ ಮಂದಿ ಆದಾಯ ತೆರಿಗೆಯ ರಿಟರ್ನ್ಸ್ ಸಲ್ಲಿಸಿರುವುದೇ ಇಲ್ಲ. ಮೇಲಾಗಿ ನಮ್ಮ ಬ್ಯಾಂಕ್ ಪುಸ್ತಕ ಫಸಲು ಮಾರಿದಾಗ ಒಮ್ಮೆ ತುಂಬಿ, ಮಳೆಗಾಲದ ಹೊತ್ತಿಗೆ ಬತ್ತಿರುತ್ತದೆ. ಕೊನೆಯ ಮೂರು ತಿಂಗಳ ಲೆಕ್ಕ ಮಾತ್ರ ಕೊಟ್ಟರೆ, ನೋಡುವ ಅಧಿಕಾರಿಗೆ ನಿಮ್ಮಲ್ಲಿ ಏನೂ ಇಲ್ಲವೆಂದೇ ಕಾಣುತ್ತದೆ. ಆದಕಾರಣ ಇಡೀ ವರ್ಷದ, ಸಾಧ್ಯವಾದರೆ ಎರಡು ವರ್ಷದ ಬ್ಯಾಂಕ್ ಲೆಕ್ಕವನ್ನು ಲಗತ್ತಿಸಿ. ಅದರ ಜೊತೆಗೆ ಪಹಣಿ, ಕಾಫಿ ಅಡಿಕೆ ಮಾರಿದ ಬಿಲ್ಲುಗಳು, ಸಹಕಾರ ಸಂಘಕ್ಕೆ ಹಾಕಿದ ಮಾಲಿನ ಪಟ್ಟಿ, ಲೆಕ್ಕಪರಿಶೋಧಕರ ಪ್ರಮಾಣಪತ್ರ ಇವನ್ನು ಜೋಡಿಸಿ. ಕನ್ನಡದ ದಾಖಲೆಗಳಿಗೆ ಇಂಗ್ಲಿಷ್ ಅನುವಾದ ಬೇಕು. ನಮ್ಮ ಆದಾಯ ವರ್ಷಕ್ಕೊಮ್ಮೆ ಬರುವಂಥದು, ತೋಟ ನೋಡಿಕೊಳ್ಳಲು ಇಂಥ ದಿನ ಹಿಂತಿರುಗಲೇಬೇಕು ಎಂಬುದನ್ನು ಅರ್ಜಿಯ ಜೊತೆಗಿನ ಪತ್ರದಲ್ಲಿ ನಾಲ್ಕು ಸಾಲಿನಲ್ಲಿ ಬರೆಯಿರಿ. ತೋಟವಿರುವವನು ಮನೆಗೆ ಮರಳುತ್ತಾನೆಂಬುದಕ್ಕೆ ತೋಟಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಆದರೆ ಅದನ್ನು ಕಾಗದದಲ್ಲಿ ತೋರಿಸಬೇಕು.

ಇಳಿಯುವುದು, ತಂಗುವುದು, ಓಡಾಡುವುದು

ಬೆಂಗಳೂರಿನಿಂದ ಜಿನೀವಾಕ್ಕೆ ಹೋಗುವಾಗ ನಡುವೆ ಒಂದು ಕಡೆ ವಿಮಾನ ಬದಲಿಸಬೇಕಾಗುತ್ತದೆ. ಜಿನೀವಾ ವಿಮಾನ ನಿಲ್ದಾಣಕ್ಕೆ ಅಂಟಿಕೊಂಡೇ ರೈಲು ನಿಲ್ದಾಣವಿದೆ. ಅಲ್ಲಿಂದ ವೆವೆಗೆ ಸುಮಾರು ಒಂದು ಗಂಟೆಯ ದಾರಿ. ಬಲಗಡೆಯ ಕಿಟಕಿಯಲ್ಲಿ ಕುಳಿತುಕೊಳ್ಳಿ. ಸರೋವರ ಇರುವುದು ಆ ಕಡೆಗೆ.

ತಂಗಲು ವೆವೆ ಅನುಕೂಲ. ದ್ರಾಕ್ಷಿ ತೋಟ ಒಂದು ಕಡೆ, ಕೋಟೆ ಇನ್ನೊಂದು ಕಡೆ, ರೈಲು ಹಡಗು ಎರಡೂ ಹತ್ತಿರ. ಅಡುಗೆಮನೆ ಇರುವ ಕೋಣೆ ಸಿಕ್ಕಿದರೆ ಅದನ್ನೇ ಹಿಡಿಯಿರಿ. ಅಲ್ಲಿಯ ಹಣ ಸ್ವಿಸ್ ಫ್ರಾಂಕ್. ಒಂದು ಫ್ರಾಂಕ್ ನಮ್ಮ ನೂರು ರೂಪಾಯಿಗೂ ಮೇಲು. ಸಾಧಾರಣ ಹೋಟೆಲಿನಲ್ಲಿ ಒಬ್ಬರ ಮಧ್ಯಾಹ್ನದ ಊಟಕ್ಕೆ 20ರಿಂದ 25 ಫ್ರಾಂಕ್ ಬೀಳುತ್ತದೆ. ದಿನಕ್ಕೆ ಎರಡು ಹೊತ್ತು, ಇಬ್ಬರಿಗೆ, ಏಳು ದಿನಕ್ಕೆ ಎಷ್ಟಾಯಿತೆಂದು ಗುಣಿಸಿ ನೋಡಿದರೆ ಅಡುಗೆಮನೆಯ ಬೆಲೆ ತಿಳಿಯುತ್ತದೆ.

ಓಡಾಟಕ್ಕೆ ಸ್ವಿಸ್ ಟ್ರಾವೆಲ್ ಪಾಸ್ ಎಂಬ ಒಂದೇ ಚೀಟಿಯಲ್ಲಿ ರೈಲು, ಬಸ್ಸು, ಸರೋವರದ ಹಡಗು ಎಲ್ಲವೂ ಅಡಗಿವೆ. ಶಿಯೋಂ ಕೋಟೆಯೂ ಸೇರಿ ನೂರಾರು ಸಂಗ್ರಹಾಲಯಗಳ ಪ್ರವೇಶವೂ ಸೇರಿದೆ. ದೂರದ ಓಡಾಟ ಬೇಡದವರಿಗೆ ಒಂದು ತಿಂಗಳ ಅರ್ಧದರದ ಕಾರ್ಡು ಅಗ್ಗವಾದೀತು. ಯಾವ ಯಾವ ದಿನ ಎಲ್ಲೆಲ್ಲಿಗೆ ಎಂದು ಮನೆಯಲ್ಲೇ ಬರೆದು, ಎರಡನ್ನೂ ಕೂಡಿಸಿ ನೋಡಿ ಆಮೇಲೆ ಕೊಳ್ಳಿ. ವೆವೆ, ಮಾಂತ್ರೊ ಕಡೆ ಹೋಟೆಲಿನಲ್ಲಿ ತಂಗಿದವರಿಗೆ ಊರ ಬಸ್ಸಿನಲ್ಲಿ ಪುಕ್ಕಟೆ ಓಡಾಡುವ ಕಾರ್ಡನ್ನು ಹೋಟೆಲಿನವರೇ ಕೊಡುತ್ತಾರೆ. ಕೇಳಿ ಪಡೆಯಿರಿ.

ಏಳು ದಿನದ ಲೆಕ್ಕ

ಮೊದಲ ದಿನ ಏನೂ ಬೇಡ. ದಡದಲ್ಲಿ ನಡೆದಾಡಿ, ಬೇಗ ಮಲಗಿ. ವೆವೆಯಲ್ಲೇ ಚಾರ್ಲಿ ಚಾಪ್ಲಿನನ ಪ್ರತಿಮೆ ಸರೋವರಕ್ಕೆ ಹತ್ತಿರದಲ್ಲಿದೆ. 1953ರಿಂದ 1977ರಲ್ಲಿ ಸಾಯುವವರೆಗೂ ಅವನು ಬಾಳಿದ ಮನೆ ಊರ ಮೇಲುಗಡೆಯೇ ಇದ್ದು, ಈಗ ಸಂಗ್ರಹಾಲಯವಾಗಿದೆ.

ಎರಡನೆಯ ದಿನ ಹಡಗು. ದಡದ ಹಡಗು ಕಂಪನಿ 1873ರಿಂದ ನಡೆಯುತ್ತಿದೆ. ಪಕ್ಕದಲ್ಲಿ ಚಕ್ರ ತಿರುಗುವ ಹಳೆಯ ಹಡಗುಗಳನ್ನು ಅವರು ಇಂದಿಗೂ ಓಡಿಸುತ್ತಾರೆ. 1910ರ ‘ಲಾ ಸ್ವಿಸ್’ ಅವುಗಳಲ್ಲೊಂದು. ಹಬೆಯ ಯಂತ್ರ ಕೆಲಸ ಮಾಡುವುದನ್ನು ಮೇಲಿಂದ ಬಗ್ಗಿ ನೋಡಬಹುದು. ಪೂರ್ವಕ್ಕೆ ಹೋಗಿ ಶಿಯೋಂ ಕೋಟೆಯಲ್ಲಿ ಇಳಿಯಿರಿ. ನೀರಿನ ನಡುವಿನ ಬಂಡೆಯ ಮೇಲೆ ಸವೊಯ್ ಅರಸರು ಕಟ್ಟಿಸಿದ ಈ ಕೋಟೆಯನ್ನು 1536ರಲ್ಲಿ ಬರ್ನ್‌ನವರು ಗೆದ್ದರು. ಇಲ್ಲಿ ಸೆರೆಯಿದ್ದ ಬೋನಿವಾರನ ಮೇಲೆ ಬೈರನ್ ಕವಿ 1816ರಲ್ಲಿ ಕವನ ಬರೆದ ಮೇಲೆ ಇದರ ಹೆಸರು ಲೋಕಕ್ಕೆಲ್ಲ ಹಬ್ಬಿತು. ಮರಳುವಾಗ ನೀರಿನ ಅಂಚಿನಲ್ಲೇ ಮಾಂತ್ರೊವರೆಗೆ ನಡೆದು ಬರಬಹುದು, ದಾರಿ ಸಮತಟ್ಟು.

ಮೂರನೆಯ ದಿನ ಲಾವೊ ತೋಟಗಳಿಗೆ ಮೀಸಲು. ಅದನ್ನು ಮುಂದೆ ಬೇರೆಯಾಗಿ ಹೇಳುತ್ತೇವೆ. ನಾಲ್ಕನೆಯ ದಿನ ವೆವೆಯ ಸಂತೆ ಮತ್ತು 1985ರಲ್ಲಿ ತೆರೆದ ಆಹಾರದ ಸಂಗ್ರಹಾಲಯ. ಸಂತೆ ಮಂಗಳವಾರ, ಶನಿವಾರ. ಅದಕ್ಕೆ ತಕ್ಕಂತೆ ದಿನ ಹಿಂದೆ ಮುಂದೆ ಮಾಡಿಕೊಳ್ಳಿ. ಐದನೆಯ ದಿನ ಆಕಾಶ ತಿಳಿಯಾಗಿದ್ದರೆ ಮಾಂತ್ರೊದಿಂದ ಹಲ್ಲುಗಂಬಿಯ ರೈಲಿನಲ್ಲಿ ರೋಶೆ ದ ನೇ ಶಿಖರಕ್ಕೆ. 2,042 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ನೂರು ಮೀಟರಿನಷ್ಟು ಹೆಚ್ಚು. ಸೆಪ್ಟೆಂಬರಿನಲ್ಲೂ ಮೇಲೆ ಚಳಿ. ಬಿಗಿಯಾದ ಕೋಟು ಬೇಕು. ಆರನೆಯ ದಿನ ಲೊಜಾನಿನಿಂದ ಹಡಗಿನಲ್ಲಿ ಅಡ್ಡ ದಾಟಿ ಫ್ರಾನ್ಸಿನ ಎವಿಯಾಂ ಪಟ್ಟಣಕ್ಕೆ. ಬಾಟಲಿಯಲ್ಲಿ ದುಬಾರಿಗೆ ಮಾರುವ ಎವಿಯಾಂ ನೀರನ್ನು ಅಲ್ಲಿಯ ಊರ ಚಿಲುಮೆಯಲ್ಲಿ ಯಾರು ಬೇಕಾದರೂ ಹಿಡಿದುಕೊಳ್ಳಬಹುದು. ಪಾಸ್‌ಪೋರ್ಟ್ ಕಿಸೆಯಲ್ಲಿರಲಿ, ಅಲ್ಲಿ ನಡೆಯುವುದು ಯೂರೋ. ಏಳನೆಯ ದಿನ ಜಿನೀವಾ. ಸರೋವರದಿಂದ 140 ಮೀಟರ್ ಎತ್ತರಕ್ಕೆ ಚಿಮ್ಮುವ ನೀರಿನ ಕಾರಂಜಿ ಶೋಭೆಗಾಗಿ ಹುಟ್ಟಿದ್ದಲ್ಲ. 1886ರಲ್ಲಿ ಅದು ಜಲಶಕ್ತಿ ಕೇಂದ್ರದ ಹೆಚ್ಚಿನ ಒತ್ತಡವನ್ನು ಬಿಡುವ ಕವಾಟವಾಗಿತ್ತು. ಜನ ನೋಡಿ ಮೆಚ್ಚಿದ್ದರಿಂದ 1891ರಲ್ಲಿ ಈಗಿರುವ ಜಾಗಕ್ಕೆ ತಂದರು.

ಲಾವೊ: ಬೆಳೆಗಾರರು ನೋಡಬೇಕಾದದ್ದು

ಸೇಂ ಸಫೊರಾಂ ಹಳ್ಳಿಯಲ್ಲಿ ರೈಲಿಳಿದು ರಿವಾ, ಎಪೆಸ್ ಹಳ್ಳಿಗಳ ಮೂಲಕ ಕ್ಯುಲಿಯವರೆಗೆ ತೋಟದ ನಡುವೆ ನಡೆಯಲು ಅರ್ಧ ದಿನ ಇಟ್ಟುಕೊಳ್ಳಿ. ಏರಿಳಿತ ಉಂಟು. ಮಂಡಿ ನೋವಿನವರು ಹೆದರಬೇಕಾಗಿಲ್ಲ. ಕೆಳಗೆ ಪ್ರತಿ ಹಳ್ಳಿಯಲ್ಲೂ ರೈಲು ನಿಲ್ಲುತ್ತದೆ, ಸಾಕೆನಿಸಿದಲ್ಲಿ ಹತ್ತಬಹುದು. ಹಣ್ಣು ಕೀಳಬಾರದೆಂದು ನಮ್ಮವರಿಗೆ ಹೇಳಬೇಕಾಗಿಲ್ಲ.

ಇಲ್ಲಿಯ ಮುಖ್ಯ ತಳಿ ಶಾಸ್ಲಾ ಎಂಬ ಬಿಳಿ ದ್ರಾಕ್ಷಿ. ತಮ್ಮ ಹಣ್ಣಿಗೆ ಮೂರು ಸೂರ್ಯರೆಂದು ಅಲ್ಲಿಯವರು ಹೇಳಿಕೊಳ್ಳುತ್ತಾರೆ: ಆಕಾಶದ ಸೂರ್ಯ, ನೀರಿನಲ್ಲಿ ಪ್ರತಿಫಲಿಸುವ ಸೂರ್ಯ, ಹಗಲು ಕಾದು ರಾತ್ರಿ ಶಾಖ ಬಿಡುವ ಕಲ್ಲುಗೋಡೆ. ಗೋಡೆಗಳನ್ನು ನಿಂತು ನೋಡಿ. ಒಂದು ಕಡೆ ಕಲ್ಲು ಜಾರಿದರೆ ಮಳೆಗೆ ಮೇಲಿನ ಮಣ್ಣು ಕೆಳಗಿನವನ ತೋಟಕ್ಕೆ. ಧರೆ ಕುಸಿಯುವ ಸಂಕಟ ನಮಗೆ ಹೊಸದಲ್ಲ. ಇಳಿಜಾರಿನಲ್ಲಿ ದೊಡ್ಡ ಯಂತ್ರ ನಡೆಯದು. ಕೆಲಸ ಕೈಯಿಂದಲೇ. ಹಣ್ಣಿನ ಪೆಟ್ಟಿಗೆಗಳನ್ನು ಸಾಗಿಸಲು ಒಂಟಿ ಕಂಬಿಯ ಮೇಲೆ ಓಡುವ ಸಣ್ಣ ಗಾಡಿಯನ್ನು ಹಾಕಿಕೊಂಡಿದ್ದಾರೆ. ನಮ್ಮ ಕಡಿದಾದ ತೋಟಗಳಿಗೆ ಅದು ಒಗ್ಗೀತೇ ಎಂದು ಕಣ್ಣಾರೆ ನೋಡಿ ಬನ್ನಿ.

ಇಂಥ ಜಾಗಕ್ಕೆ ಪಟ್ಟಣದವರ ಕಣ್ಣು ಬೀಳದೆ ಇರುತ್ತದೆಯೇ? ಮನೆ ಕಟ್ಟುವವರು ಕೊಡುವ ಬೆಲೆಯ ಮುಂದೆ ದ್ರಾಕ್ಷಿಯ ಆದಾಯ ಎಲ್ಲಿಯದು! ಫ್ರಾಂಜ್ ವೆಬರ್ ಎಂಬುವರು ಮುಂದೆ ನಿಂತು ಲಾವೊ ಉಳಿಸಬೇಕೆಂದು ಚಳವಳಿ ನಡೆಸಿದರು. 1977ರಲ್ಲಿ ವೋ ಪ್ರಾಂತದ ಜನ ಮತ ಹಾಕಿ ಲಾವೊದ ರಕ್ಷಣೆಯನ್ನು ತಮ್ಮ ಸಂವಿಧಾನದಲ್ಲೇ ಬರೆಸಿದರು. 2005ರಲ್ಲಿ ಮತ್ತೊಮ್ಮೆ ಅದನ್ನೇ ಒಪ್ಪಿದರು. 2014ರಲ್ಲಿ ಕಟ್ಟುಪಾಡನ್ನು ಇನ್ನಷ್ಟು ಬಿಗಿ ಮಾಡುವ ಪ್ರಸ್ತಾಪ ಬಂದಾಗ ಮಾತ್ರ ಅದನ್ನು ಬಿಟ್ಟು, ಸರ್ಕಾರ ಮುಂದಿಟ್ಟ ಸೌಮ್ಯವಾದ ಪ್ರಸ್ತಾಪವನ್ನು ಆರಿಸಿಕೊಂಡರು. ತೋಟ ಉಳಿಯಬೇಕು, ಆದರೆ ತೋಟದವನ ಕೈಕಾಲು ಕಟ್ಟಬಾರದು ಎಂಬ ತೂಕವನ್ನು ಅಲ್ಲಿ ಮೂರು ಮತದಾನಗಳಲ್ಲಿ ಹುಡುಕಿದ್ದಾರೆ. ತೋಟದ ಪಕ್ಕದಲ್ಲಿ ರೆಸಾರ್ಟು ಏಳುವುದನ್ನು ನೋಡುತ್ತಿರುವ ನಮ್ಮ ಕೊಡಗು, ಚಿಕ್ಕಮಗಳೂರು, ಸಕಲೇಶಪುರದವರು ಈ ಕಥೆಯನ್ನು ತಿಳಿದುಕೊಂಡೇ ಆ ದಾರಿಯಲ್ಲಿ ನಡೆಯಬೇಕು.

ಇನ್ನೊಂದು ವಿಷಯ. ವೆವೆಯಲ್ಲಿ ದ್ರಾಕ್ಷಿ ಬೆಳೆಗಾರರ ಹಳೆಯ ಸಂಘವೊಂದಿದೆ. ಅದರ ಪರಿಣತರು ತೋಟ ತೋಟಕ್ಕೆ ಹೋಗಿ ಬೇಸಾಯ ಹೇಗಿದೆಯೆಂದು ಪರೀಕ್ಷಿಸಿ ಅಂಕ ಕೊಡುತ್ತಾರೆ. ಅಂಕ ಸಿಗುವುದು ತೋಟದ ಯಜಮಾನನಿಗಲ್ಲ, ಅಲ್ಲಿ ಗುತ್ತಿಗೆಗೆ ದುಡಿಯುವ ಕೆಲಸಗಾರನಿಗೆ. ಮೇಲಿನ ಸ್ಥಾನ ಪಡೆದವರನ್ನು ಕರೆದು ಗೌರವಿಸುತ್ತಾರೆ. ಇದಕ್ಕಾಗಿಯೇ ಹುಟ್ಟಿದ ದ್ರಾಕ್ಷಿಯವರ ಹಬ್ಬ 1797ರಿಂದ ಒಂದು ತಲೆಮಾರಿಗೆ ಒಂದು ಸಲದಂತೆ ನಡೆದು ಬಂದಿದೆ. ಈಚಿನವು 1977, 1999 ಮತ್ತು 2019ರಲ್ಲಿ ನಡೆದವು. ಊರ ದೊಡ್ಡ ಸಂತೆ ಮೈದಾನದಲ್ಲಿ ಸಾವಿರಾರು ಜನರೆದುರು ಆ ಕೆಲಸಗಾರರಿಗೆ ಕಿರೀಟ ತೊಡಿಸುತ್ತಾರೆ. ಚೆನ್ನಾಗಿ ಚಿಗುರು ತೆಗೆಯುವವಳು, ಕೊನೆಗೆ ಪೆಟ್ಟಾಗದಂತೆ ಇಳಿಸುವವನು ನಮ್ಮಲ್ಲೂ ಇದ್ದಾರೆ. ಅವರಿಗೆ ನಾವು ಯಾವ ಸಭೆಯಲ್ಲಿ ಹಾರ ಹಾಕಿದ್ದೇವೆ? ಆಳು ಸಿಗುವುದಿಲ್ಲವೆಂದು ವರ್ಷವಿಡೀ ಹೇಳುವ ನಾವು ಇದನ್ನು ಯೋಚಿಸಬೇಕಾಗಿದೆ.

ಊಟ ಉಪಚಾರ

ಅಲ್ಲಿಯ ಎರಡು ದೊಡ್ಡ ಅಂಗಡಿ ಸಾಲುಗಳಾದ ಮಿಗ್ರೋ ಮತ್ತು ಕೋಪ್ ಎರಡೂ ಸಹಕಾರ ಸಂಘಗಳು. ಮಿಗ್ರೋ ಅಂಗಡಿಗಳಲ್ಲಿ ಮದ್ಯ ಮಾರುವುದಿಲ್ಲ. 2022ರಲ್ಲಿ ಮಾರೋಣವೇ ಎಂದು ಸದಸ್ಯರನ್ನೇ ಕೇಳಿದಾಗ ಹತ್ತೂ ಪ್ರಾದೇಶಿಕ ಸಂಘಗಳ ಸದಸ್ಯರು ಬೇಡವೆಂದರು. ಅಕ್ಕಿ, ತರಕಾರಿ, ಮೊಸರು, ಬ್ರೆಡ್ಡು ಅಲ್ಲಿ ಸಿಗುತ್ತವೆ. ಭಾನುವಾರ ಅಂಗಡಿಗಳು ಬಹುಮಟ್ಟಿಗೆ ಮುಚ್ಚಿರುತ್ತವೆ, ಶನಿವಾರವೇ ತಂದಿಟ್ಟುಕೊಳ್ಳಿ. ನಲ್ಲಿ ನೀರು ಕುಡಿಯಬಹುದು.

ಸಸ್ಯಾಹಾರಿಗಳಿಗೊಂದು ಮಾತು: ಕರಗಿದ ಗಿಣ್ಣಿನಲ್ಲಿ ಬ್ರೆಡ್ಡು ಅದ್ದಿ ತಿನ್ನುವ ಫಾಂಡ್ಯೂದಲ್ಲಿ ವೈನ್ ಬೆರೆಸಿರುತ್ತಾರೆ. ಆಲೂಗಡ್ಡೆಯ ರೋಷ್ಟಿಯಲ್ಲಿ ಹಂದಿಮಾಂಸ ಸೇರಿರಬಹುದು. ಕೇಳಿ ತಿನ್ನಿ. ಹಾಲು ಹೆಚ್ಚಾದ ಕಾಫಿ ಬೇಕಿದ್ದರೆ ‘ರೆನ್‌ವೆರ್ಸೆ’ ಎನ್ನಿ. ಅವಲಕ್ಕಿ, ಚಟ್ನಿಪುಡಿ ಒಯ್ಯಿರಿ. ತುಪ್ಪ, ಹಾಲಿನ ಸಿಹಿ, ಮಾಂಸದ ಪದಾರ್ಥ, ಹಸಿ ಎಲೆ, ಬೀಜ, ಗಿಡ ಬೇಡ. ದುಬೈ ಮೂಲಕ ಹೋಗುವವರು ಗಸಗಸೆಯನ್ನು ಪೆಟ್ಟಿಗೆಯಲ್ಲಿ ಖಂಡಿತ ಇಡಕೂಡದು. ಅಲ್ಲಿ ಅದು ಅಪರಾಧ. ಕವಳದ ಸಂಚಿ ಮನೆಯಲ್ಲೇ ಇರಲಿ; ಆ ಊರುಗಳಲ್ಲಿ ಉಗುಳಲು ಜಾಗವಿಲ್ಲ. ಬರುವಾಗ ದ್ರಾಕ್ಷಿಯ ಕಡ್ಡಿಯನ್ನೋ ಬೀಜವನ್ನೋ ಬಟ್ಟೆಯಲ್ಲಿ ಸುತ್ತಿ ತರುವ ಆಸೆ ನಮ್ಮವರಿಗೆ ಹುಟ್ಟುವುದು ಸಹಜ. ಅದು ಕಾನೂನಿಗೆ ವಿರುದ್ಧ. ಹೊಸ ರೋಗ ತೋಟಕ್ಕೆ ಹೊಕ್ಕರೆ ಆಗುವ ನಷ್ಟ ಏನೆಂಬುದು ನಮಗೆ ಗೊತ್ತು.

ಕೊನೆಯದಾಗಿ, ಬರಲಿರುವ ಫಸಲಿನ ಮೇಲೆ ಸಾಲ ಎತ್ತಿ ಈ ಪ್ರಯಾಣ ಮಾಡಬೇಡಿ. ಕಾಫಿಯ ಬೆಲೆ ಏರಿದಂತೆಯೇ ಇಳಿಯುವುದನ್ನೂ ನಾವೆಲ್ಲ ಕಂಡವರು. ಸರೋವರ ಎಲ್ಲಿಗೂ ಹೋಗುವುದಿಲ್ಲ. ಇನ್ನೆರಡು ವರ್ಷ ಕಾದರೂ ಅಲ್ಲೇ ಇರುತ್ತದೆ. ಹೋಗಿ ಬಂದ ಸದಸ್ಯರು ಒಂಟಿ ಕಂಬಿಯ ಗಾಡಿ, ಕಲ್ಲುಗೋಡೆಯ ದುರಸ್ತಿ, ಕೂಲಿಯ ಏರ್ಪಾಡು ಇವುಗಳ ಬಗ್ಗೆ ಕಂಡು ಕೇಳಿದ್ದನ್ನು ಸಂಘದ ಮಹಾಸಭೆಯ ದಿನ ಹತ್ತು ನಿಮಿಷ ಹೇಳಿದರೆ, ಹೋಗಲಾಗದವರಿಗೂ ಪ್ರಯೋಜನವಾಗುತ್ತದೆ.